ಕಾಯಿ ಕೇಳಿದೆ, ಹಣ್ಣು ಬಂತು

ಸ್ಪೇನಿನ ವಲೆನ್ಸಿಯಾಕ್ಕೆ ಬಂದು ಮೂರು ತಿಂಗಳಾಗಿತ್ತು. ಅಕ್ಟೋಬರ್. ಸ್ಪ್ಯಾನಿಷ್ ತರಗತಿಯಲ್ಲಿ ಆ ಸಂಜೆ ‘ಗುಸ್ತಾರ್’, ಅಂದರೆ ‘ಹಿಡಿಸು’ ಎಂಬ ಕ್ರಿಯಾಪದದ ಪಾಠ. ಪಕ್ಕದಲ್ಲಿ ಕುಳಿತಿದ್ದ ಅಮೆರಿಕದ ಹೆಂಗಸು ‘ಯೊ ಗುಸ್ತೊ ಕಾಫೆ’ ಎಂದು ಮೂರನೆಯ ಸಲ ತಪ್ಪಿದಳು. ಕುಡಿಯುವವಳು ನಾನು, ಕಾಫಿ ಹೇಗೆ ಕರ್ತೃವಾಗುತ್ತದೆ ಎಂದು ಜಗಳಕ್ಕೇ ನಿಂತಳು. ಸರಿಯಾದದ್ದು ‘ಮೆ ಗುಸ್ತಾ ಎಲ್ ಕಾಫೆ’. ನನಗೆ ಕಾಫಿ ಹಿಡಿಸುತ್ತದೆ. ಕಿತ್ತಳೆಗಳಾದರೆ ‘ಮೆ ಗುಸ್ತಾನ್’, ಹಿಡಿಸುತ್ತವೆ. ಶಿರಸಿಯಲ್ಲಿ ಹುಟ್ಟಿದವಳಿಗೆ ಇದನ್ನೂ ಕಲಿಸಬೇಕೆ?

ಆಮೇಲೆ ಮನುಷ್ಯರ ಹಿಂದೆ ಬರುವ ‘ಆ’. ‘ಬೆಓ ಲಾ ಕಾಸಾ’, ಮನೆ ನೋಡುತ್ತೇನೆ. ಮರಿಯಾ ಆದರೆ ‘ಬೆಓ ಆ ಮರಿಯಾ’. ಜರ್ಮನಿಯ ಹುಡುಗ ಏಕೆಂದು ಕೇಳುತ್ತಲೇ ಇದ್ದ. ನಾವೂ ಮನೆ ನೋಡುತ್ತೇವೆ, ಆದರೆ ಮರಿಯಾಳನ್ನು ನೋಡುತ್ತೇವೆ. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಶನಿವಾರ ಮೆರ್ಕಾದೊ ಸೆಂತ್ರಾಲ್‌ಗೆ ಹೋದೆ. 1928ರಲ್ಲಿ ತೆರೆದ, ಗುಮ್ಮಟ ಹೊತ್ತ ದೊಡ್ಡ ಸಂತೆಮಾಳಿಗೆ. ಮಾವಿನಕಾಯಿಯಿಂದ ಮಾಡುವ ಅಪ್ಪೆಹುಳಿ ತಿನ್ನುವ ಆಸೆ ಹುಟ್ಟಿ ವಾರವಾಗಿತ್ತು. ಹಸಿರು ಮಾವಿನ ರಾಶಿ ಕಂಡು ಒಂದನ್ನು ಎತ್ತಿ, ‘ಎಸ್ ಬೆರ್ದೆ?’ ಎಂದೆ, ಕಾಯಿಯೇ ಎಂಬರ್ಥದಲ್ಲಿ. ಅಂಗಡಿಯವನು ಮಾವನ್ನು ನೋಡಿದ, ನನ್ನನ್ನು ನೋಡಿದ. ‘ಸಿ, ಎಸ್ ಬೆರ್ದೆ’ ಎಂದ, ಕುರುಡರಿಗೆ ಹೇಳುವಷ್ಟು ಮೆಲ್ಲಗೆ.

ಮನೆಯಲ್ಲಿ ಚಾಕು ಇಳಿಸಿದೆ. ಕೇಸರಿ ರಸ ಮಣಿಕಟ್ಟಿನವರೆಗೆ ಇಳಿಯಿತು. ಜೇನಿನಂಥ ಹಣ್ಣು! ಮಾಲಗಾ ಕಡೆ ಬೆಳೆಯುವ ಕೀಟ್ ತಳಿಯಂತೆ. ಪೂರ್ತಿ ಮಾಗಿದರೂ ಅದರ ಸಿಪ್ಪೆ ಹಸಿರಾಗಿಯೇ ಉಳಿಯುತ್ತದೆ. ಅಪ್ಪೆಹುಳಿಯ ಬದಲು ಕಾಯಿತುರಿ ರುಬ್ಬಿ, ಮೊಸರು ಹಾಕಿ ಆ ಹಣ್ಣಿನದೇ ಸಾಸಿವೆ ಮಾಡಿದೆ. ಮನೆಯವರು ಎರಡು ಸಲ ಬಡಿಸಿಕೊಂಡರು, ಅದು ಬೇರೆ ಮಾತು.

ಮುಂದಿನ ತರಗತಿಯಲ್ಲಿ ಹೇಳಿದಾಗ ಟೀಚರ್ ನಕ್ಕು ಸುಸ್ತಾದರು. ‘ಎಸ್ ಬೆರ್ದೆ’ ಎಂದರೆ ಬಣ್ಣ ಹಸಿರು. ‘ಎಸ್ತಾ ಬೆರ್ದೆ’ ಎಂದರೆ ಇನ್ನೂ ಕಾಯಿ. ನಾವು ಕಾಯಿ, ಹಣ್ಣು ಎಂದು ನಾಮಪದದಲ್ಲಿ ಇಟ್ಟುಕೊಂಡ ವ್ಯತ್ಯಾಸವನ್ನು ಇವರು ಕ್ರಿಯಾಪದದಲ್ಲಿ ಬಚ್ಚಿಟ್ಟಿದ್ದಾರೆ. ನಮ್ಮ ಒಂದು ‘ಇದೆ’ ಇರುವ ಕಡೆ ಇಲ್ಲಿ ಸೆರ್ (ಅದರ ರೂಪ ‘ಎಸ್’) ಮತ್ತು ಎಸ್ತಾರ್ (ಅದರ ರೂಪ ‘ಎಸ್ತಾ’) ಎಂಬ ಎರಡು.

‘ಖಾಯಂ ಆದರೆ ಸೆರ್, ತಾತ್ಕಾಲಿಕವಾದರೆ ಎಸ್ತಾರ್, ಅಲ್ಲವೇ?’ ಎಂದ ಜರ್ಮನಿಯ ಹುಡುಗ. ಎಲ್ಲರೂ ಮೊದಲು ಕಂಠಪಾಠ ಮಾಡುವ ಸೂತ್ರವದು. ಟೀಚರ್ ಬೋರ್ಡಿನ ಮೇಲೆ ‘ಎಸ್ತಾ ಮುಯೆರ್ತೊ’ ಎಂದು ಬರೆದರು. ಸತ್ತಿದ್ದಾನೆ. ಸಾವು ತಾತ್ಕಾಲಿಕವೇ? ಹುಡುಗ ಪೆನ್ನು ಕೆಳಗಿಟ್ಟ. ಒಂದು ಬದಲಾವಣೆ ನಡೆದು ಉಳಿದ ಸ್ಥಿತಿಗೆ ಎಸ್ತಾರ್ ಎಂದರು: ಒಡೆದ ಲೋಟ, ಮುಚ್ಚಿದ ಬಾಗಿಲು, ಮಾಗಿದ ಮಾವು, ಸತ್ತ ಮನುಷ್ಯ.

ಮತ್ತೆ ಶನಿವಾರ. ಅದೇ ಅಂಗಡಿ. ಗಟ್ಟಿ ಮಾವೊಂದನ್ನು ಮುಂದೆ ಹಿಡಿದು, ‘ಎಸ್ತಾ ಬೆರ್ದೆ?’ ಎಂದು ಕೇಳಿದೆ. ಅವನು ಹೆಬ್ಬೆರಳಿನಿಂದ ಒತ್ತಿ ನೋಡಿ, ‘ಸಿ, ಎಸ್ತಾ ಬೆರ್ದೆ’ ಎಂದ. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ‘ಪಾರಾ ಓಯ್?’ ಎಂದು ಕೇಳಿದ. ಇವತ್ತಿಗಾ? ಹೌದು, ಇವತ್ತಿನ ಊಟಕ್ಕೇ ಬೇಕಿತ್ತು. ‘ಸಿ, ಪಾರಾ ಓಯ್’ ಎಂದೆ.

ಅವನು ನನ್ನ ಕೈಯಲ್ಲಿದ್ದ ಕಾಯಿಯನ್ನು ತೆಗೆದು ರಾಶಿಗಿಟ್ಟ. ನಾಲ್ಕೈದನ್ನು ಒತ್ತಿ ನೋಡಿ, ಇವತ್ತೇ ತಿನ್ನಲು ಬರುವಂಥ ಮೆತ್ತನೆಯದನ್ನು ಹುಡುಕಿ ಜೋಪಾನವಾಗಿ ಚೀಲಕ್ಕೆ ಹಾಕಿಕೊಟ್ಟ.

ಆ ವಾರವೂ ಸಾಸಿವೆಯೇ.