ಗಡ್ಡೆಯ ಅಂಚಿನ ಕಂದು ಚುಕ್ಕೆಗಳು

12 ಮಾರ್ಚ್ 2024, ಮಂಗಳವಾರ

ಇಂದಿನ ಮಧ್ಯಾಹ್ನವೆಲ್ಲ ಇಬ್ಬರು ರೋಗಿಗಳ ಸ್ಲೈಡುಗಳ ಮುಂದೆಯೇ ಕಳೆಯಿತು. ಎರಡೂ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ದೊಡ್ಡಕರುಳಿನ ಕ್ಯಾನ್ಸರ್ ಗಡ್ಡೆಗಳು. ಎರಡೂ ಸ್ನಾಯುಪದರವನ್ನು ದಾಟಿ ಹೊರಗಿನ ಕೊಬ್ಬಿಗೆ ಇಳಿದಿವೆ, ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಮಾತ್ರ ಹರಡಿಲ್ಲ. ವರದಿಯ ಲೆಕ್ಕದಲ್ಲಿ ಇಬ್ಬರದೂ ಎರಡನೇ ಹಂತ. “ನೋಡ್ ನೆಗೆಟಿವ್ ತಾನೇ, ಮೇಡಂ?” ಎಂದು ಫೋನಿನಲ್ಲಿ ಕೇಳಿದ ಕಿರಿಯ ಶಸ್ತ್ರವೈದ್ಯರಿಗೆ ಹೌದೆಂದೆನಾದರೂ, ಇಬ್ಬರಿಗೂ ಒಂದೇ ಉತ್ತರ ಕೊಟ್ಟಿದ್ದು ಮನಸ್ಸಿಗೆ ಒಪ್ಪಲಿಲ್ಲ.

ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ ಕೋಶಗಳ (ದೇಹವನ್ನು ಕಾಯುವ ಬಿಳಿ ರಕ್ತಕೋಶಗಳ ಒಂದು ಬಗೆ) ಮೈಮೇಲೆ ಸಿಡಿ8 ಎಂಬ ಗುರುತಿರುತ್ತದೆ. ಅದಕ್ಕೆ ಬಣ್ಣ ಹಿಡಿಸಿದರೆ ಅವು ತಿಳಿನೀಲಿಯ ನಡುವೆ ಕಂದು ಚುಕ್ಕೆಗಳಾಗಿ ಕಾಣುತ್ತವೆ. ಮೊದಲನೆಯವರ ಸ್ಲೈಡಿನಲ್ಲಿ, ಗಡ್ಡೆ ಕೊಬ್ಬಿನೊಳಗೆ ನುಗ್ಗುತ್ತಿರುವ ಅಂಚಿನುದ್ದಕ್ಕೂ ರಾಗಿ ಚೆಲ್ಲಿದಂತೆ ಆ ಚುಕ್ಕೆಗಳು ಒತ್ತೊತ್ತಾಗಿದ್ದವು; ಕೆಲವು ಕ್ಯಾನ್ಸರ್ ಕೋಶಗಳ ಸಾಲಿನೊಳಕ್ಕೇ ತೂರಿದ್ದವು. ಎರಡನೆಯವರ ಸ್ಲೈಡಿನಲ್ಲಿ ಅದೇ ಅಂಚು ಬಹುಪಾಲು ಬರಿದು. ಲೆನ್ಸ್ ಬದಲಿಸಿ ಹುಡುಕಿದರೆ ಅಲ್ಲೊಂದು, ಇಲ್ಲೊಂದು.

ಈ ವ್ಯತ್ಯಾಸಕ್ಕೆ ಬೆಲೆಯಿದೆಯೆಂದು ಪ್ಯಾರಿಸ್ಸಿನ ಜೆರೋಮ್ ಗಾಲೋನ್, ಫ್ರಾಂಕ್ ಪಾಜೆಸ್ ಮತ್ತು ಸಂಗಡಿಗರು 2006ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದ್ದರು. ಗಡ್ಡೆಯ ನಡುವಿನಲ್ಲಿಯೂ ಅಂಚಿನಲ್ಲಿಯೂ ಸಿಡಿ3 (ಎಲ್ಲ ಟಿ ಕೋಶಗಳ ಗುರುತು), ಸಿಡಿ8 ಕೋಶಗಳನ್ನು ಎಣಿಸಿ, ಹೆಚ್ಚಿದ್ದಷ್ಟೂ ಹೆಚ್ಚು ಅಂಕ ಕೊಡುವ ಅವರ ಕ್ರಮಕ್ಕೆ ‘ಇಮ್ಯುನೋಸ್ಕೋರ್’ ಎಂದು ಹೆಸರಾಯಿತು. ಭಾರತವೂ ಸೇರಿದಂತೆ 13 ದೇಶಗಳ 2,681 ರೋಗಿಗಳ ಗಡ್ಡೆಗಳನ್ನು ಹೀಗೆ ಎಣಿಸಿದ ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಅದರ ಮೊದಲ ಗುಂಪಿನಲ್ಲಿ, ಐದು ವರ್ಷಗಳೊಳಗೆ ರೋಗ ಮರುಕಳಿಸಿದ್ದು ಹೆಚ್ಚು ಅಂಕದವರಲ್ಲಿ ಶೇ. 8, ನಡುವಿನವರಲ್ಲಿ ಶೇ. 19, ಕಡಿಮೆ ಅಂಕದವರಲ್ಲಿ ಶೇ. 32. ಎರಡನೇ ಹಂತದಲ್ಲಿ ಕೀಮೋ ಬೇಕೋ ಬೇಡವೋ ಎಂಬ ತೀರ್ಮಾನವೇ ಕಷ್ಟವಾಗಿರುವಾಗ, ಇಂತಹ ಸುಳಿವನ್ನು ಸ್ಲೈಡಿನಲ್ಲೇ ಬಿಟ್ಟು ಏಳುವುದು ಸರಿಯಲ್ಲ.

ಚುಕ್ಕೆಗಳು ದಟ್ಟವಾಗಿರುವುದಕ್ಕೆ ಒಂದು ಕಾರಣವನ್ನು ನಾವೇ ಪರೀಕ್ಷಿಸಬಹುದು. ಡಿಎನ್‌ಎ ನಕಲಾಗುವಾಗ ಆಗುವ ತಪ್ಪನ್ನು ತಿದ್ದುವ ಪ್ರೋಟೀನುಗಳು ಕೆಟ್ಟಿದ್ದರೆ, ಗಡ್ಡೆಯಲ್ಲಿ ದೇಹಕ್ಕೆ ಪರಿಚಯವಿಲ್ಲದ ತುಣುಕುಗಳು ಹೆಚ್ಚುತ್ತವೆ, ಟಿ ಕೋಶಗಳು ಅವನ್ನು ಬೇಗ ಗುರುತು ಹಿಡಿಯುತ್ತವೆ. ಎಲ್ಲ ಗಡ್ಡೆಗಳಲ್ಲೂ ಕಾರಣ ಇದೇ ಅಲ್ಲ. ಆದರೂ ಇಬ್ಬರಿಗೂ ಅಂತಹ ನಾಲ್ಕು ಪ್ರೋಟೀನುಗಳ ಪರೀಕ್ಷೆಗೆ ಸಂಜೆಯೇ ಬರೆದುಕೊಟ್ಟೆ.

ನಮ್ಮಲ್ಲಿ ಇಮ್ಯುನೋಸ್ಕೋರಿನ ಯಂತ್ರವಿಲ್ಲ, ನಾನು ಅಂಕ ಕೊಡಲಾರೆ. ಎರಡೂ ವರದಿಗಳ ಕೊನೆಗೆ, ಫಾರ್ಮಿನಲ್ಲಿ ಜಾಗವಿಲ್ಲದಿದ್ದರೂ, ಅಂಚಿನಲ್ಲಿ ಕಂಡದ್ದನ್ನು ಎರಡೆರಡು ಸಾಲಿನಲ್ಲಿ ಬರೆದು ಸಹಿ ಹಾಕಿದ್ದೇನೆ. ಬೆಳಿಗ್ಗೆ ಆ ಶಸ್ತ್ರವೈದ್ಯರನ್ನು ಕರೆದು ಎರಡೂ ಸ್ಲೈಡುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಬೇಕು.