ಹೊಲದ ಪಾಲಿನಲ್ಲಿ ಯಾರು ಮಗ, ಯಾರು ಮಗನಂಥವ

ತೊಗರಿ ಹೊಲದ ಮಾಲೀಕ ತೀರಿಕೊಂಡ ಮೇಲೆ ಮನೆಯವರು ನಾಡಕಚೇರಿಗೆ ಹೋಗಿ ವಂಶವೃಕ್ಷ ಮಾಡಿಸುತ್ತಾರೆ. ಎಡವಟ್ಟು ಶುರುವಾಗುವುದೂ ಅಲ್ಲೇ. ಮಗಳು ಮದುವೆಯಾಗಿ ಸೇಡಂಗೋ ಹುಮನಾಬಾದಿಗೋ ಹೋಗಿದ್ದರೆ ಅವಳ ಹೆಸರು ಬಿಟ್ಟು, ಗಂಡುಮಕ್ಕಳ ಹೆಸರಷ್ಟೇ ಬರೆಸಿ ಪೌತಿ ಖಾತೆ (ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಿಬಿಡುತ್ತಾರೆ. ಪಹಣಿಯಲ್ಲಿ ಹೆಸರು ಬಂತು, ಮುಗೀತು ಅನ್ನೋ ಲೆಕ್ಕ. ಆದರೆ ಪಹಣಿ ಕಂದಾಯದ ದಾಖಲೆ, ಅದರಿಂದ ಹಕ್ಕು ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ. ಮುಂದೆ ಹೊಲ ಮಾರಲು ಹೊರಟಾಗ ಮಗಳ ಪಾಲಿನ ದಾವೆ ಅಡ್ಡ ನಿಲ್ಲುತ್ತದೆ. ಅವಳು ಮನಸಾರೆ ಪಾಲು ಬೇಡ ಅಂದರೂ ವಂಶವೃಕ್ಷದಲ್ಲಿ ಹೆಸರು ಇರಬೇಕು. ಬೇಡ ಅನ್ನುವುದಕ್ಕೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಬಾಂಡ್ ಪೇಪರಿನ ಮೇಲೆ ಪಂಚರ ಮುಂದೆ ಹಾಕಿಸಿಕೊಂಡ ಸಹಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಲಿಂಗಾಯತರಿಗೂ ಬೌದ್ಧರಿಗೂ ಬೀದರಿನ ಸಿಖ್ಖರಿಗೂ ಅನ್ವಯಿಸುತ್ತದೆ. ಸುರಪುರ ಕಡೆಯ ನಾಯಕರಂಥ ಪರಿಶಿಷ್ಟ ಪಂಗಡದವರನ್ನು ಮಾತ್ರ 2(2)ನೇ ಕಲಂ ಹೊರಗಿಟ್ಟಿದೆ. ಅವರ ದಾವೆಗಳಲ್ಲಿ ರೂಢಿಯ ಪ್ರಶ್ನೆ ಮೊದಲು ಏಳುತ್ತದೆ. ಅರ್ಜಿ ಬರೆಯುವವರು ಇದನ್ನು ಮರೆಯುವುದೇ ಹೆಚ್ಚು.

ಎರಡನೇ ಸಂಬಂಧದ ಲೆಕ್ಕ ನೋಡಿ. ವಿಲ್ ಬರೆಯದೆ ತೀರಿಕೊಂಡವನ ಸ್ವಯಾರ್ಜಿತ ಹೊಲ 10 ಎಕರೆ. ಅವನ ತಾಯಿ, ಹೆಂಡತಿ, ಅವಳ ಇಬ್ಬರು ಮಕ್ಕಳು ಇದ್ದಾರೆ. ಹೆಂಡತಿ ಇರುವಾಗಲೇ ಕಟ್ಟಿಕೊಂಡವಳೂ ಅವಳ ಒಂದು ಮಗುವೂ ಇದ್ದಾರೆ. ಪಾಲು ಐದು, ತಲಾ 2 ಎಕರೆ. ಕಟ್ಟಿಕೊಂಡವಳಿಗೆ ಸೊನ್ನೆ, ಅವಳ ಮಗುವಿಗೆ ಉಳಿದ ಮಕ್ಕಳಷ್ಟೇ. ಸತ್ತವನ ತಂದೆ ಬದುಕಿದ್ದರೂ ಅವನಿಗಿಲ್ಲ, ಯಾಕೆಂದರೆ ತಾಯಿ ಮೊದಲ ವರ್ಗದ ವಾರಸುದಾರಳು, ತಂದೆ ಎರಡನೇ ವರ್ಗ. ಹೊಲ ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬೇರೆ: ಸಾಯುವ ಮುಂಚೆಯೇ ಮನೆಯಲ್ಲಿ ಪಾಲಾಗಿದ್ದಿದ್ದರೆ ಸತ್ತವನಿಗೆ ಎಷ್ಟು ಬರುತ್ತಿತ್ತೋ ಅಷ್ಟರಲ್ಲಿ ಮಾತ್ರ ಆ ಮಗುವಿಗೆ ಪಾಲು. 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ರೇವಣಸಿದ್ದಪ್ಪ ಪ್ರಕರಣದಲ್ಲಿ ಹೀಗೆ ಹೇಳಿತು. ಇಡೀ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಆ ಮಗುವಿಗಿಲ್ಲ.

ಹೆಚ್ಚು ಮೋಸ ಹೋಗುವವನು ಸಾಕುಮಗ. ಹೆಂಡತಿಯ ತಂಗಿಯ ಮಗನನ್ನು ಎದೆಗೊತ್ತಿ ಬೆಳೆಸಿ, ಶಾಲೆಯಲ್ಲಿ ತಂದೆಯ ಕಾಲಂಗೆ ತನ್ನ ಹೆಸರೇ ಬರೆಸಿದ್ದರೂ ದತ್ತಕ ಆಗಿಲ್ಲದಿದ್ದರೆ, ವಿಲ್ಲೂ ಇಲ್ಲದಿದ್ದರೆ ಅವನಿಗೆ ಒಂದು ಗುಂಟೆಯೂ ಇಲ್ಲ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ದತ್ತು ತೆಗೆದುಕೊಳ್ಳುವಾಗ ಹುಡುಗನಿಗೆ 15 ತುಂಬಿರಬಾರದು, ಮದುವೆಯೂ ಆಗಿರಬಾರದು. ರೂಢಿ ಇದ್ದರೆ ಈ ಎರಡಕ್ಕೂ ವಿನಾಯಿತಿ ಉಂಟು, ಆದರೆ ಆ ರೂಢಿಯನ್ನು ಸಾಕ್ಷಿ ಸಮೇತ ಸಾಬೀತು ಮಾಡಬೇಕು. ಮನೆಯಲ್ಲಿ ಮಗನೋ ಮಗನ ಮಗನೋ ಇದ್ದರೆ ಗಂಡುಮಗುವನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಹೆಂಡತಿಯ ಒಪ್ಪಿಗೆ ಬೇಕೇ ಬೇಕು. ಮುಖ್ಯವಾದದ್ದು, ಹೆತ್ತವರು ಕೈಯಾರೆ ಕೊಡಬೇಕು, ಇವರು ಕೈಯಾರೆ ಪಡೆಯಬೇಕು. ಫೋಟೊದಲ್ಲಿ ಮಗು ಕೈಬದಲಾಗುವ ಗಳಿಗೆ ಇರಲಿ, ಊಟದ ಪಂಕ್ತಿಯ ಹತ್ತು ಫೋಟೊ ಇದ್ದೇನು ಪ್ರಯೋಜನ? ನೋಂದಣಿ ಕಡ್ಡಾಯವಲ್ಲ. ಆದರೂ ಕೊಟ್ಟವರು, ಪಡೆದವರು ಇಬ್ಬರೂ ಸಹಿ ಮಾಡಿದ ನೋಂದಾಯಿತ ಪತ್ರ ಇದ್ದರೆ ಅದೇ ದತ್ತಕ ಕಾಯ್ದೆಯ 16ನೇ ಕಲಂ ಪ್ರಕಾರ ಕೋರ್ಟು ದತ್ತಕವನ್ನು ನಂಬಿ ಹೊರಡುತ್ತದೆ, ಸುಳ್ಳೆಂದು ತೋರಿಸುವ ಭಾರ ಎದುರಾಳಿಯದು. ಪಡೆದವರದೊಂದೇ ಸಹಿ ಇರುವ ಪತ್ರಕ್ಕೆ ಆ ಬಲವಿಲ್ಲ.

ಬೀದರಿನ ಕ್ರೈಸ್ತ ಮನೆಗಳಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವಿಧವೆಗೆ ಮೂರರಲ್ಲೊಂದು, ಉಳಿದದ್ದು ಮಕ್ಕಳಿಗೆ ಸಮಪಾಲು, ಮಕ್ಕಳಿದ್ದರೆ ಸತ್ತವನ ತಾಯಿಗೆ ಏನೂ ಇಲ್ಲ. ಸುನ್ನಿ ಮುಸ್ಲಿಮರಲ್ಲಿ ಮಕ್ಕಳಿದ್ದಾಗ ಹೆಂಡತಿಗೆ ಎಂಟರಲ್ಲೊಂದು, ಮಗನ ಅರ್ಧದಷ್ಟು ಮಗಳಿಗೆ. ಅಪ್ಪ ಮೊದಲೇ ತೀರಿಕೊಂಡಿದ್ದು ಕಾಕಾ ಬದುಕಿದ್ದರೆ, ಮುತ್ಯಾನ ಆಸ್ತಿಯಲ್ಲಿ ಮೊಮ್ಮಗನಿಗೆ ಪಾಲಿಲ್ಲ. ಹಿಂದೂ ಕಾಯ್ದೆಯಲ್ಲಿ ಅಂಥ ಮೊಮ್ಮಗ ಅಪ್ಪನ ಜಾಗಕ್ಕೆ ಬರುತ್ತಾನೆ. ಹಾಗಾಗಿ ಮುಸ್ಲಿಂ ಮನೆಯ ಮುತ್ಯಾ ಬದುಕಿರುವಾಗಲೇ ವಸಿಯತ್ತು (ವಿಲ್) ಬರೆಯಬೇಕು. ಸಾಲ, ಮಣ್ಣಿನ ಖರ್ಚು ಕಳೆದು ಉಳಿದ ಆಸ್ತಿಯ ಮೂರನೇ ಒಂದರವರೆಗೆ ಆ ಮೊಮ್ಮಗನಿಗೆ ಬಿಡಬಹುದು, ಅದಕ್ಕೆ ಕಾಕಾನ ಒಪ್ಪಿಗೆ ಬೇಕಿಲ್ಲ.