ಕೋಡಿಯಿಲ್ಲದ ಸರೋವರದಲ್ಲಿ ಉಪ್ಪಿನ ಲೆಕ್ಕ

ದಕ್ಷಿಣ ಆಸ್ಟ್ರೇಲಿಯಾದ ಕಾಟಿ ತಂಡಾ–ಏರ್ ಸರೋವರಕ್ಕೆ ಕೋಡಿಯಿಲ್ಲ. ಅದರ ತಳದ ಅತಿ ತಗ್ಗಿನ ಜಾಗ ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿದೆ. ಒಳಗೆ ಬಂದ ನೀರು ಆವಿಯಾಗಿ ಹೋಗುತ್ತದೆ, ಜೊತೆಗೆ ಬಂದ ಉಪ್ಪು ಅಲ್ಲೇ ಉಳಿಯುತ್ತದೆ. ನೀರಿನ ಮಟ್ಟವನ್ನಷ್ಟೇ ನೋಡುತ್ತಾ ಕೂತರೆ ಈ ಸರೋವರ ಅರ್ಥವಾಗುವುದಿಲ್ಲ. ಉಪ್ಪು ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನು ಹಿಡಿಯಬೇಕು.

ಅಲ್ಲಿ ಬೀಳುವ ಮಳೆ ತೀರಾ ಕಡಿಮೆ, ವರ್ಷಕ್ಕೆ ಸುಮಾರು 140 ಮಿ.ಮೀ. ದೊಡ್ಡ ನೆರೆ ಹೆಚ್ಚಾಗಿ ಬರುವುದು ದೂರದ ಕ್ವೀನ್ಸ್‌ಲ್ಯಾಂಡ್‌ನಿಂದ. ಜಲಾನಯನ ಪ್ರದೇಶ ಸುಮಾರು 12 ಲಕ್ಷ ಚದರ ಕಿ.ಮೀ., ಅಂದರೆ ಆಸ್ಟ್ರೇಲಿಯಾದ ಆರನೇ ಒಂದು ಭಾಗ. ಡಯಮಂಟಿನಾ ನದಿಯ ನೀರು ವಾರ್‌ಬರ್ಟನ್ ನದಿಯ ಮೂಲಕ ಬಂದು ಸೇರುತ್ತದೆ. ಕೂಪರ್ ಕ್ರೀಕ್ ಎಂಬ ಇನ್ನೊಂದು ನದಿ ತಲುಪುವುದು ದೊಡ್ಡ ನೆರೆ ಬಂದ ವರ್ಷ ಮಾತ್ರ. ನೆಲ ಎಷ್ಟು ಸಪಾಟೆಂದರೆ ನೀರು ನೂರಾರು ಕವಲಾಗಿ ಹರಡುತ್ತದೆ, ಇಂಗುತ್ತದೆ, ಆರುತ್ತದೆ. ಉಳಿದದ್ದು ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ ಉತ್ತರದ ಅಂಚಿಗೆ ಬರುತ್ತದೆ. ಆದರೂ ಮೊದಲು ತುಂಬುವುದು ದಕ್ಷಿಣದ ತುದಿಯ ಬೆಲ್ಟ್ ಬೇ. ತಳದಲ್ಲೇ ಕೊರೆದುಕೊಂಡಿರುವ ಒಂದು ಉದ್ದನೆಯ ತೋಡು ನೀರನ್ನು ಅಲ್ಲಿಗೆ ಎಳೆದೊಯ್ಯುತ್ತದೆ.

ಒಂದೂವರೆ ಮೀಟರ್ ಆಳದ ನೀರು ಸರಾಸರಿ ಮೂರು ವರ್ಷಕ್ಕೊಮ್ಮೆ, ನಾಲ್ಕು ಮೀಟರ್ ಆಳದ್ದು ದಶಕಕ್ಕೊಮ್ಮೆ ಬರುತ್ತದೆ. ಪೂರ್ತಿ ತುಂಬುವುದು ಅಪರೂಪ. 1974ರಲ್ಲಿ ಆಳ ಸುಮಾರು ಆರು ಮೀಟರ್ ಮುಟ್ಟಿತ್ತು. ಉಪಗ್ರಹ ಚಿತ್ರ ನೋಡುವವರಿಗೆ ಒಂದು ಎಚ್ಚರಿಕೆ: ನೀರು ತೆಳುವಾಗಿದ್ದಾಗ ಗಾಳಿಯೇ ಅದನ್ನು ಕಿಲೋಮೀಟರುಗಟ್ಟಲೆ ತಳ್ಳುತ್ತದೆ. ನಿನ್ನೆಗಿಂತ ಇಂದು ನೀರು ಹೆಚ್ಚು ಹರಡಿ ಕಂಡರೆ ಹೊಸ ನೀರು ಬಂತೆಂದು ಬರೆದುಕೊಳ್ಳಬೇಡಿ.

ಈಗ ಉಪ್ಪು. ತಳದಲ್ಲಿ 10 ಸೆಂ.ಮೀ. ದಪ್ಪದ ಗಟ್ಟಿ ಉಪ್ಪಿನ ಪದರ ಇದೆ ಎನ್ನಿ. ಒಂದು ಚದರ ಮೀಟರಿಗೆ ಸುಮಾರು 200 ಕೆ.ಜಿ. ಆಯಿತು. ಅದರ ಮೇಲೆ ಒಂದು ಮೀಟರ್ ಸಿಹಿನೀರು ನಿಂತು ಎಲ್ಲ ಕರಗಿದರೆ ಲೀಟರಿಗೆ ಸುಮಾರು 200 ಗ್ರಾಂ, ಸಮುದ್ರದ ನೀರಿನ ಸುಮಾರು ಆರು ಪಟ್ಟು. ನಾಲ್ಕು ಮೀಟರ್ ನಿಂತರೆ ಲೀಟರಿಗೆ 50 ಗ್ರಾಂ ಮಾತ್ರ. ಒಂದೇ ಪದರ, ಒಂದು ವರ್ಷ ಮೀನು ಬದುಕುವ ನೀರು, ಇನ್ನೊಂದು ವರ್ಷ ಸಾಯುವ ನೀರು! ಕರಗುವುದಕ್ಕೂ ಸಮಯ ಬೇಕು. ಹಗುರವಾದ ಸಿಹಿನೀರು ಮೇಲೆ, ಭಾರದ ಉಪ್ಪುನೀರು ಅಡಿಯಲ್ಲಿ ನಿಲ್ಲುತ್ತದೆ. ಗಾಳಿ ಕಲಕುವವರೆಗೆ ಎರಡೂ ಬೇರೆಬೇರೆ. ಮೇಲಿನಿಂದ ಮಾತ್ರ ಮಾದರಿ ತೆಗೆದರೆ ಲೆಕ್ಕ ತಪ್ಪುತ್ತದೆ, ತಳದ ಮಾದರಿಯೂ ಬೇಕು. 1974ರ ನೆರೆಯಲ್ಲಿ ಪದರ ಕರಗಲು ಸುಮಾರು ಆರು ತಿಂಗಳು ಹಿಡಿಯಿತು, ಆಮೇಲೆ ಮೀನುಗಳು ರಾಶಿ ರಾಶಿಯಾಗಿ ಸತ್ತವು.

ಒಣಗುವಾಗ ಮೊದಲು ಸುಣ್ಣದ ಅಂಶ ಗಟ್ಟಿಯಾಗಿ ತಳಕ್ಕೆ ಇಳಿಯುತ್ತದೆ. ಸಮುದ್ರದಂಥ ನೀರು ಐದನೇ ಒಂದು ಭಾಗಕ್ಕೆ ಇಳಿದಾಗ ಜಿಪ್ಸಂ, ಹತ್ತನೇ ಒಂದು ಭಾಗಕ್ಕೆ ಬಂದಾಗ ಅಡುಗೆಯ ಉಪ್ಪು. ಈ ಹೊತ್ತಿಗೆ ನೀರು ಗುಲಾಬಿ ಬಣ್ಣಕ್ಕೆ ತಿರುಗಬಹುದು. ಅದಕ್ಕೆ ಕಾರಣ ಡುನಾಲಿಯೆಲ್ಲಾ ಎಂಬ ಪಾಚಿ ಮತ್ತು ಉಪ್ಪುಪ್ರಿಯ ಸೂಕ್ಷ್ಮಜೀವಿಗಳು. ಗಾಳಿಯಿಲ್ಲದ ಮಧ್ಯಾಹ್ನ ಬಗ್ಗಿ ನೋಡಿದರೆ ನೀರಿನ ಮೇಲೆ ಪುಟ್ಟ ಚೌಕಗಳು ತೇಲುತ್ತಿರುತ್ತವೆ. ನಡುವಿನ ಭಾಗ ಮುಳುಗುತ್ತಾ, ಅಂಚು ಮಾತ್ರ ಮೇಲೆ ಬೆಳೆಯುತ್ತಾ, ಪ್ರತಿ ಹರಳೂ ತಲೆಕೆಳಗಾದ ಟೊಳ್ಳು ಪಿರಮಿಡ್ಡಾಗುತ್ತದೆ. ಸ್ವಲ್ಪ ಅಲೆಯೆದ್ದರೂ ಸಾಕು, ತಳ ಸೇರುತ್ತದೆ. ಉಪ್ಪು ಹೆಚ್ಚಿದಂತೆ ಆವಿಯಾಗುವ ವೇಗವೂ ಇಳಿಯುತ್ತದೆ. ಕೊನೆಯ ಒಂದು ಗೇಣು ನೀರು ಆರಲು ಅದಕ್ಕೇ ಅಷ್ಟು ದಿನ.

ಕೊನೆಗೆ ಎಲ್ಲಿ ನೀರು ನಿಂತಿತ್ತೋ ಅಲ್ಲೇ ದಪ್ಪ ಪದರ. ಹೀಗಾಗಿ ಉತ್ತರದ ಅಂಚಿನಲ್ಲಿ ತೆಳು ಪೊರೆಯಿದ್ದರೆ ದಕ್ಷಿಣದ ಬೆಲ್ಟ್ ಬೇ, ಮ್ಯಾಡಿಗನ್ ಗಲ್ಫ್ ಕಡೆ ಹತ್ತಾರು ಸೆಂಟಿಮೀಟರ್. ಡೊನಾಲ್ಡ್ ಕ್ಯಾಂಪ್‌ಬೆಲ್ 1964ರ ಜುಲೈ 17ರಂದು ಗಂಟೆಗೆ 648.7 ಕಿ.ಮೀ. ವೇಗದಲ್ಲಿ ಕಾರು ಓಡಿಸಿ ದಾಖಲೆ ಮಾಡಿದ್ದು ಇದೇ ಸರೋವರದ ಉಪ್ಪಿನ ಮೇಲೆ. ಹಿಂದಿನ ವರ್ಷ ಮಳೆ ಬಂದು ಆ ಪ್ರಯತ್ನ ನಿಂತುಹೋಗಿತ್ತು. ಪದರ ಬಿಳಿಯಾಗಿದೆ, ಗಟ್ಟಿಯಾಗಿದೆ ಎಂದು ಗಾಡಿ ಇಳಿಸುವುದು ಅಪಾಯ. ಅಡಿಯ ಕೆಸರು ವರ್ಷಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ಪದರ ಒಡೆದರೆ ಕಪ್ಪು ಕೊಳೆ ಮೇಲೆ ಬರುತ್ತದೆ.

ಒಣಗಿದ ಮೇಲೂ ಕೆಲಸ ನಿಲ್ಲುವುದಿಲ್ಲ. ಅಂತರ್ಜಲ ಬತ್ತಿಯಲ್ಲಿ ಎಣ್ಣೆ ಏರಿದಂತೆ ಮೇಲೇರಿ ಹೊಸ ಉಪ್ಪು ಬಿಡುತ್ತದೆ. ಪದರ ಹಿಗ್ಗಿ, ಬಹುಕೋನದ ಏರುಗಳಾಗಿ ಏಳುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದ ರಾತ್ರಿ ಉಪ್ಪು ತಾನೇ ನೀರು ಹೀರುತ್ತದೆ. ಒಣ ಮಣ್ಣನ್ನೂ ಜಿಪ್ಸಮ್ಮನ್ನೂ ಗಾಳಿ ಹೊತ್ತೊಯ್ದು ಅಂಚಿನಲ್ಲಿ ದಿಬ್ಬ ಕಟ್ಟುತ್ತದೆ. ಅಂತರ್ಜಲದ ತೇವ ಸಿಗುವವರೆಗೆ ಮಾತ್ರ ಗಾಳಿ ತಳವನ್ನು ಕೆರೆಯಬಲ್ಲದು. ಅಂತರ್ಜಲ ಇಳಿದ ಶುಷ್ಕ ಕಾಲದಲ್ಲಿ ತಳವೂ ಇಳಿಯುತ್ತದೆ.